ಒಂದು ಬೆರಳು ನೀರು

ಅಕ್ಟೋಬರ್ ೬, ಸೋಮವಾರ

ಉಳಿದ ದಿನ: ನಲವತ್ತೆರಡು.

ತಜ್ರೀರ್ ಊರಿಗೆ ಬಂದು ತಲುಪಿದೆ. ಟ್ಯುನೀಸಿಯಾದ ಸ್ಫಾಕ್ಸಿನಿಂದ ಎರಡು ಹಗಲು, ಎರಡು ರಾತ್ರಿ, ಒಂದು ಗಡಿ, ನಾಲ್ಕು ಬಸ್ಸು. ಅಮ್ಮ ಕಟ್ಟಿಕೊಟ್ಟ ಹರಿಸ್ಸ ಚಟ್ನಿಯ ಬಾಟಲಿ ಮೂರನೇ ಬಸ್ಸಿನಲ್ಲಿ ಒಡೆದು, ನನ್ನ ಅಷ್ಟೂ ಬಟ್ಟೆಗೆ ಮೆಣಸಿನಕಾಯಿ ಮೆತ್ತಿಕೊಂಡಿದೆ. ಒಳಬಟ್ಟೆಗೂ. ಅದರ ಬಗ್ಗೆ ಇನ್ನು ಬರೆಯುವುದಿಲ್ಲ.

ನಮ್ಮ ತರಗತಿಯ ರಿಹಾಬ್‌ಗೆ ತರಬೇತಿಗೆ ಸಿಕ್ಕಿದ್ದು ಸಮುದ್ರದ ದಂಡೆಯ ಹೋಟೆಲು. ಅಲ್ಲಿ ಈಜುಕೊಳದ ನೀರು ಶುದ್ಧ ಮಾಡುತ್ತಾಳಂತೆ. ನನಗೆ ಸಿಕ್ಕಿದ್ದು ಅಲ್ಜೀರಿಯಾದ ಮರುಭೂಮಿ. ಹೋದ ವರ್ಷ ನಾನು ಕಾಲೇಜಿನ ಪಂಪನ್ನು ನೀರಿಲ್ಲದೆ ಓಡಿಸಿ ಸುಟ್ಟಿದ್ದೆ, ಅದರ ಸೇಡು ಇದು. ಈ ಸಲ ಯಂತ್ರ ಓಡಿದ ವರದಿ ತರದಿದ್ದರೆ ಇನ್ನೊಂದು ವರ್ಷ ಅದೇ ಬೆಂಚಿನಲ್ಲಿ ಕೂರು ಅಂದಿದ್ದಾರೆ ಮೇಷ್ಟ್ರು.

ಯಂತ್ರ ಬಂದಿದೆ. ಪ್ರಾರ್ಥನೆಯ ಬಯಲಿನ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದೆ. ಉಪ್ಪು ನೀರನ್ನು ಸಿಹಿ ಮಾಡುವ ಯಂತ್ರ, ಬಿಸಿಲಿನಿಂದ ಓಡುತ್ತದೆ. ಇಂಜಿನಿಯರ್ ಬೂಜಮಾ ಕೂಡ ಮಲಗಿದ್ದ. ಎಬ್ಬಿಸಿ ನನ್ನ ಪರಿಚಯ ಹೇಳಿಕೊಂಡೆ. ನವೆಂಬರ್ ಹತ್ತರೊಳಗೆ ಓಡದಿದ್ದರೆ ಯಂತ್ರ ಕೊಟ್ಟ ಸಂಘದವರು ಲಾರಿ ಕಳಿಸಿ ಇದನ್ನು ಬೇರೆ ಊರಿಗೆ ಒಯ್ಯುತ್ತಾರೆ, ಕಾಯುವ ಊರುಗಳ ಪಟ್ಟಿಯೇ ಇದೆ ಅಂದ. ಅವಸರವೇನಿಲ್ಲ ಅಂತಲೂ ಅಂದ, ಮತ್ತೆ ಮಲಗಿದ.

ನನ್ನ ಬಿಡಾರ ಲಲ್ಲಾ ಮಬ್ರೂಕಾ ಎಂಬ ಮುದುಕಿಯ ಮನೆಯಲ್ಲಿ. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಬಂದವರಿಗೆಲ್ಲ ಮೊದಲು ಚಹಾ ಕೊಡುತ್ತಾಳೆ, ಆಮೇಲೆ ಬೆಂಕಿಪೊಟ್ಟಣ ತೆರೆದು ತನ್ನ ಮೂತ್ರಪಿಂಡದಿಂದ ಬಂದ ಕಲ್ಲು ತೋರಿಸುತ್ತಾಳೆ. ಚಹಾ ಉಪ್ಪಾಗಿತ್ತು. ಕಲ್ಲು ಕಡಲೆಕಾಳಿನಷ್ಟಿತ್ತು. ಎರಡನ್ನೂ ಹೊಗಳಿದೆ.

ಅಕ್ಟೋಬರ್ ೧೦, ಶುಕ್ರವಾರ

ಉಳಿದ ದಿನ: ಮೂವತ್ತೆಂಟು. ನೀರಿನ ಉಪ್ಪು: ಲೀಟರಿಗೆ ೨೪೦೦ ಮಿಲಿಗ್ರಾಂ. ಇಂಥ ನೀರನ್ನು ನಾವು ಸ್ಫಾಕ್ಸಿನಲ್ಲಿ ನೆಲ ತೊಳೆಯಲಿಕ್ಕೂ ಬಳಸುವುದಿಲ್ಲ.

ಯಂತ್ರ ಜೋಡಿಸಿ ಮುಗಿಯಿತು. ಪೈಪುಗಳನ್ನೆಲ್ಲ ಕೂಡಿಸಿದ್ದು ನಾನೇ. ಎಲ್ಲ ಇದೆ, ನೀರೊಂದಿಲ್ಲ.

ಈ ಊರಿಗೆ ನೀರು ಬರುವುದು ಮುತ್ತಜ್ಜಂದಿರು ತೋಡಿದ ಒಂದು ಸುರಂಗದಿಂದ. ಹೊರಗೆ ಬಂದ ನೀರು ಒಂದು ಕಲ್ಲಿನ ಬಾಚಣಿಗೆಗೆ ಬಡಿದು, ಅದರ ಹಲ್ಲುಗಳ ನಡುವೆ ಪಾಲಾಗಿ, ಒಬ್ಬೊಬ್ಬರ ತೋಟಕ್ಕೆ ಹೋಗುತ್ತದೆ. ಪಾಲಿನ ಅಳತೆ ಬೆರಳಿನ ಲೆಕ್ಕ. ಒಬ್ಬನಿಗೆ ಮೂರು ಬೆರಳು ನೀರು, ಒಬ್ಬನಿಗೆ ಅರ್ಧ. ಯಂತ್ರಕ್ಕೆ ಬೇಕಾದದ್ದು ಒಂದೇ ಬೆರಳು. ಊರಿಗೆಲ್ಲ ಬೇಕು ಸಿಹಿ ನೀರು, ಇಲ್ಲಿ ಕಲ್ಲು ಹೆರದ ಮನೆಯೇ ಇಲ್ಲ. ಆದರೆ ತನ್ನ ಬೆರಳು ಕೊಡುವವರು ಯಾರೂ ಇಲ್ಲ, ಯಾಕೆಂದರೆ ಯಾರಿಗೂ ಮಿಕ್ಕಿಲ್ಲ.

ಪಂಚಾಯಿತಿ ಕೂತಿತು. ನಡುವೆ ಬೆಲ್ಖೇರ್ ಅಜ್ಜ. ಊರಿನ ನೀರು ಅಳೆಯುವವನು ಇವನೇ, ಇವನ ಅಪ್ಪನೂ ಅದೇ ಕೆಲಸ. ತೂತುತೂತಿನ ತಾಮ್ರದ ತಟ್ಟೆಯೊಂದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿರುತ್ತಾನೆ. ಎಲ್ಲರೂ ಸೇರಿ ಕೂದಲೆಳೆಯಷ್ಟು ಬಿಟ್ಟುಕೊಟ್ಟರೆ ಆಯಿತಲ್ಲ ಅಂದೆ. ಬಾಚಣಿಗೆಯ ಒಂದು ಹಲ್ಲು ಮುಟ್ಟಿದರೂ ಮೂರು ತಲೆಮಾರಿನ ಸತ್ತವರು ಎದ್ದು ಬಂದು ಜಗಳಕ್ಕೆ ನಿಲ್ಲುತ್ತಾರೆ ಅಂದ ಅಜ್ಜ. ಉಳಿದವರೆಲ್ಲ ತಲೆಯಾಡಿಸಿದರು. ಆ ಸತ್ತವರ ಪರಿಚಯ ಎಲ್ಲರಿಗೂ ಇದ್ದಂತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಕುಡಿಯುವ ನೀರಿಗೆ ಇಲ್ಲಿ ಪಾಲಿಲ್ಲ, ಬಾಚಣಿಗೆಗೆ ಮುಂಚೆ ಯಾರು ಬೇಕಾದರೂ ಕುಡಿಯಬಹುದು, ಕೊಡ ತುಂಬಬಹುದು. ಯಂತ್ರದ ನೀರೂ ಕುಡಿಯುವುದಕ್ಕೇ ತಾನೇ ಅಂದೆ. ಗೆದ್ದೆ ಅಂದುಕೊಂಡೆ. ಯಂತ್ರ ಬಾಯಿಯೋ ತೋಟವೋ ಅಂತ ತೀರ್ಮಾನವಾಗಬೇಕು, ಮುಂದಿನ ಶುಕ್ರವಾರ ನೋಡೋಣ ಅಂತ ಎದ್ದರು.

ಅಕ್ಟೋಬರ್ ೧೩

ಮೂವತ್ತೈದು. ಮರಳು. ಖರ್ಜೂರ. ಮರಳಿರುವ ಖರ್ಜೂರ. ರಿಹಾಬ್ ಈಜುಕೊಳದ ಫೋಟೋ ಕಳಿಸಿದ್ದಾಳೆ.

ಅಕ್ಟೋಬರ್ ೧೭, ಶುಕ್ರವಾರ

ಮೂವತ್ತೊಂದು.

ಈ ಜನರ ಜೊತೆ ಏಗುವುದು ನನ್ನಿಂದಾಗದು. ಪೂರ್ತಿ ಮೂರು ತಾಸು ಯಂತ್ರ ಬಾಯಿಯೇ ಎಂಬ ಚರ್ಚೆ. ಹೆಚ್ಚುಕಡಿಮೆ ಬಾಯಿ ಅಂತಲೇ ಆಗಿತ್ತು. ಆಗ ಬೆಲ್ಖೇರ್ ಅಜ್ಜ ನನ್ನನ್ನು ಕರೆದು, ಒಂದು ಕೊಡ ನೀರು ಹೊಯ್ದರೆ ಎಷ್ಟು ಸಿಹಿ ನೀರು ಬರುತ್ತೆ ಅಂತ ಕೇಳಿದ. ನಾನು ಪ್ರಾಮಾಣಿಕಳು, ಅರ್ಧ ಕೊಡ ಅಂದೆ. ಉಳಿದ ಅರ್ಧ ಏನಾಗುತ್ತೆ ಅಂದ. ಇನ್ನೂ ಉಪ್ಪಾಗಿ ಹಿಂದಿನ ಪೈಪಿನಿಂದ ಹೊರಗೆ ಹೋಗುತ್ತೆ ಅಂದೆ.

"ನೋಡು ಟ್ಯುನೀಸಿಯಾದವಳೇ, ಎಂಬತ್ತು ವರ್ಷದಿಂದ ಈ ನೀರು ಕುಡಿಯೋ ಬಾಯಿ ನೋಡಿದ್ದೀನಿ. ಕುಡಿದಿದ್ದರಲ್ಲಿ ಅರ್ಧ ಉಗುಳೋ ಬಾಯಿ ಒಂದನ್ನೂ ನೋಡಿಲ್ಲ. ಹಾಗಾದ್ರೆ ಆ ಉಗುಳು ಯಾರ ಪಾಲು?"

ಸಭೆ ಮತ್ತೆ ಕದಡಿತು. ಉಗುಳಿನ ವಾರಸುದಾರಿಕೆ ಬಗ್ಗೆ ಮುಂದಿನ ಶುಕ್ರವಾರ. ಬೂಜಮಾನ ಹತ್ತಿರ ಗೋಳು ಹೇಳಿಕೊಂಡೆ. ಅಜ್ಜ ಹೇಳಿದ್ದರಲ್ಲಿ ಅರ್ಥ ಇದೆ ಅಂದ. ಇವನು ನನ್ನ ಕಡೆಯೋ ಅವರ ಕಡೆಯೋ.

ಅಕ್ಟೋಬರ್ ೨೧, ಮಂಗಳವಾರ

ಇಪ್ಪತ್ತೇಳು. ಕೆಲಸ ಕೈಗೆತ್ತಿಕೊಂಡೆ.

ಮಧ್ಯಾಹ್ನ ಊರಿಗೆ ಊರೇ ನಿದ್ದೆಯಲ್ಲಿರುವಾಗ ಬಾಚಣಿಗೆಯ ಮೇಲುಗಡೆ ಒಂದು ಪೈಪು ಇಳಿಬಿಟ್ಟು ಯಂತ್ರಕ್ಕೆ ಜೋಡಿಸಿದೆ. ಸಣ್ಣ ಪೈಪು. ಅಷ್ಟು ದೊಡ್ಡ ಕಾಲುವೆಯಲ್ಲಿ ಯಾರಿಗೆ ಗೊತ್ತಾಗುತ್ತೆ? ಯಂತ್ರ ಗುಂಯ್ ಅಂತು. ಹತ್ತು ನಿಮಿಷಕ್ಕೆ ಸಿಹಿ ನೀರು ಬಂತು. ಉಪ್ಪು: ೧೧೦. ಲಲ್ಲಾಳ ಮನೆಗೆ ಒಂದು ಕೊಡ ಒಯ್ದೆ. ಅವಳು ಚಹಾ ಮಾಡಿ, ಕುಡಿದು, ಇನ್ನೊಂದು ಲೋಟ ಬಗ್ಗಿಸಿಕೊಂಡಳು. ತನ್ನ ಮದುವೆಯ ದಿನ ಯಾರೋ ಡಬ್ಬಿಯಲ್ಲಿ ಮಳೆ ನೀರು ತಂದಿದ್ದರಂತೆ, ಅದರ ನೆನಪಾಯಿತಂತೆ.

ಆಮೇಲೆ ಹೊರಗೆ ಗದ್ದಲ ಕೇಳಿಸಿತು.

ಅಕ್ಟೋಬರ್ ೨೨, ಬುಧವಾರ

ಮಾನ ಹೋಯಿತು.

ನಿದ್ದೆಯಲ್ಲಿದ್ದ ಊರು ಅರ್ಧ ಗಂಟೆಯಲ್ಲಿ ಎದ್ದಿತ್ತಂತೆ. ಒಬ್ಬ ಮಲಗಿದ್ದಲ್ಲೇ ಕಾಲುವೆಯ ಸದ್ದು ತೆಳ್ಳಗಾದದ್ದನ್ನು ಕೇಳಿದನಂತೆ. ಇನ್ನೊಬ್ಬನ ಕತ್ತೆ ನೀರಿಗೆ ಬಾಯಿ ಹಾಕಿ ತಲೆ ಎತ್ತಿ ನೋಡಿತಂತೆ. ಕತ್ತೆಗೂ ಗೊತ್ತಾಗಿದೆ, ಅದೂ ಈಗ ಸಾಕ್ಷಿ.

ನನ್ನನ್ನು ಬಾಚಣಿಗೆಯ ಹತ್ತಿರ ನಿಲ್ಲಿಸಿದರು. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಕದ್ದಿದ್ದನ್ನು ಎಲ್ಲರ ಎದುರು ಅಳೆಯುವುದು ಇಲ್ಲಿನ ಪದ್ಧತಿ. ಅಜ್ಜ ತಾಮ್ರದ ತಟ್ಟೆಯನ್ನು ನೀರಿಗೆ ಅಡ್ಡ ಹಿಡಿದು, ತೂತುಗಳಿಗೆ ಒಂದೊಂದಾಗಿ ಜೇಡಿಮಣ್ಣು ಮೆತ್ತುತ್ತಾ, ತೆಗೆಯುತ್ತಾ, ನೀರು ತಟ್ಟೆಯ ಅಂಚಿಗೆ ಸರಿಯಾಗಿ ನಿಲ್ಲುವ ತನಕ ಮಾಡಿದ. ಅರ್ಧ ತಾಸಾಯಿತು. ಕೊನೆಗೆ ಎದ್ದು, ಎರಡು ಬೆರಳಿಗೆ ಒಂದು ಬಾರ್ಲಿ ಕಾಳು ಕಡಿಮೆ ಅಂತ ಸಾರಿದ.

ಕೋಣೆಗೆ ಬಂದು ನನ್ನ ಮೀಟರು ನೋಡಿದೆ. ನಿಮಿಷಕ್ಕೆ ಐದು ಮುಕ್ಕಾಲು ಲೀಟರು; ಬೆರಳಿಗೆ ಮೂರು ಲೀಟರಿನ ಲೆಕ್ಕದಲ್ಲಿ ಎರಡು ಬೆರಳಿಗೆ ಚೂರೇ ಚೂರು ಕಡಿಮೆ. ಎರಡು ಸಲ ಲೆಕ್ಕ ಹಾಕಿದೆ. ಮುದುಕ ಜೇಡಿಮಣ್ಣಿನಲ್ಲಿ ಹೇಳಿದ್ದು, ಜರ್ಮನಿಯ ಮೀಟರು ಹೇಳಿದ್ದು, ಎರಡೂ ಒಂದೇ. ಕಾಕತಾಳೀಯ ಇರಬೇಕು.

ಅಕ್ಟೋಬರ್ ೨೪, ಶುಕ್ರವಾರ

ತೀರ್ಪು: ಏಳು ದಿನ ನಾನು ಅಜ್ಜನಿಗೆ ಜೇಡಿಮಣ್ಣು ಕಲಸಿಕೊಡಬೇಕು. ಇಂಜಿನಿಯರಿಂಗ್ ಮೂರನೇ ವರ್ಷ, ರ‍್ಯಾಂಕು ನಾಲ್ಕನೆಯದು, ಕೆಲಸ ಮಣ್ಣು ಕಲಸುವುದು. ಅಮ್ಮನಿಗೆ ಹೇಳಲಿಲ್ಲ. ಸಿಹಿ ನೀರು ಬಂತು ಅಂತ ಮಾತ್ರ ಹೇಳಿದೆ.

ಉಗುಳಿನ ತೀರ್ಪೂ ಬಂತು. ಯಂತ್ರ ಬಾಯಿಯಲ್ಲ. ಪಾಲಿಲ್ಲದೆ ನೀರಿಲ್ಲ.

ಅಕ್ಟೋಬರ್ ೨೭, ಸೋಮವಾರ

ಮಣ್ಣು ಕಲಸುವುದು ನಾನು ಅಂದುಕೊಂಡಷ್ಟು ಸುಲಭವಲ್ಲ. ತೆಳ್ಳಗಾದರೆ ನೀರು ಕೊಚ್ಚಿಕೊಂಡು ಹೋಗುತ್ತೆ, ಗಟ್ಟಿಯಾದರೆ ತೂತಿನ ಅಂಚಿನಲ್ಲಿ ಸೀಳು ಬಿಡುತ್ತೆ. ಮೂರು ಸಲ ಎಸೆದ ಅಜ್ಜ. ನಾಲ್ಕನೇ ಸಲದ್ದನ್ನು ಸೀದಾ ತಟ್ಟೆಗೆ ಮೆತ್ತಿದ. ಅವನ ಮಟ್ಟಿಗೆ ಅದೇ ಹೊಗಳಿಕೆ.

ಇವತ್ತು ಇಬ್ಬರು ಅಣ್ಣತಮ್ಮಂದಿರ ಪಾಲು ಅಳೆದೆವು. ತಮ್ಮ ಅಂದ, ಅಣ್ಣನ ಕಡೆ ಪಾಚಿ ಹಸಿರಾಗಿದೆ, ನನ್ನ ಕಡೆ ಇಲ್ಲ, ಅಂದರೆ ಮೋಸ. ಅಜ್ಜ ಮುಖ ಎತ್ತದೆ ನನ್ನನ್ನು ಕೇಳಿದ, ಏನಂತೀ. ಪಾಚಿಗೆ ಬೇಕಾದದ್ದು ನೆರಳು, ಅಣ್ಣನ ಕಡೆ ಗೋಡೆ ಇದೆ ಅಂದೆ. ಅಜ್ಜ ತಮ್ಮನ ಕಡೆ ತಿರುಗಿ, ಹೋಗಿ ಗೋಡೆ ಕಟ್ಟಿಕೋ ಅಂದ. ನಕ್ಕು ನಕ್ಕು ಸಾಕಾಯಿತು.

ನಮ್ಮ ಬಾಚಣಿಗೆಯ ಕೆಳಗಿನ ಹಲ್ಲೊಂದು ಸವೆದಿದೆ, ಅದನ್ನು ಯಾರೂ ಗಮನಿಸಿಲ್ಲ. ನಾಳೆ ಹೇಳಬೇಕು.

ಅಕ್ಟೋಬರ್ ೩೦, ಗುರುವಾರ

ಬೆಳಿಗ್ಗೆ ಒಲೆ ಹೊತ್ತಿರಲಿಲ್ಲ. ಲಲ್ಲಾ ಚಾಪೆಯ ಮೇಲೆ ಮಡಚಿಕೊಂಡು ಬಿದ್ದಿದ್ದಳು. ಹಲ್ಲು ಕಚ್ಚಿ ಹಿಡಿದಿದ್ದಳು, ಬೆವರು. ಬೂಜಮಾ ಗಾಡಿ ತಂದ. ಇವನು ಅಷ್ಟು ವೇಗವಾಗಿ ಓಡಬಲ್ಲ ಅಂತ ನನಗೆ ಗೊತ್ತಿರಲಿಲ್ಲ. ತಿಮಿಮೂನ್ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ಗುಂಡಿಗೂ ಅವಳು ಬೂಜಮಾನ ವಂಶಾವಳಿ ಎತ್ತಿ ಬೈದಳು. ಬೈಯುತ್ತಿದ್ದಾಳಲ್ಲ, ಸದ್ಯ ಅಂದುಕೊಂಡೆ. ನಡುವೆ ಸ್ವಲ್ಪ ಹೊತ್ತು ಬೈಯುವುದು ನಿಲ್ಲಿಸಿದಳು. ಆಗ ನನಗೆ ಜೀವ ಹೋದ ಹಾಗಾಯಿತು.

ಎರಡನೇ ಕಲ್ಲು ಬಂತು. ಮೊದಲಿನದಕ್ಕಿಂತ ದೊಡ್ಡದು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಒಂದು ಮೂತ್ರಪಿಂಡ ಆಗಲೇ ಕೆಲಸ ಬಿಟ್ಟಿದೆ, ಇನ್ನು ಈ ಉಪ್ಪು ನೀರು ಕುಡಿದರೆ ಮೂರನೇ ಕಲ್ಲಿಗೆ ಇನ್ನೊಂದೂ ಹೋಗುತ್ತೆ, ಸಿಹಿ ನೀರು ಕುಡಿಸಿ ಅಂದರು. ನಾನು ಹೂಂ ಅಂದೆ. ಸಿಹಿ ನೀರಿನ ಯಂತ್ರ ನಮ್ಮ ಮನೆಯಿಂದ ಅರವತ್ತು ಹೆಜ್ಜೆ ದೂರದಲ್ಲಿ ಒಣಗಿ ನಿಂತಿದೆ.

ಲಲ್ಲಾ ದಾದಿಯ ಹತ್ತಿರ ಹೊಸ ಬೆಂಕಿಪೊಟ್ಟಣ ಕೇಳಿ ಇಸಿದುಕೊಂಡಳು.

ನವೆಂಬರ್ ೫, ಬುಧವಾರ

ಲಾರಿ ಸೋಮವಾರ ಬರುವುದು ಖಚಿತವಾಗಿದೆ. ಬೂಜಮಾ ಸ್ಪ್ಯಾನರ್ ಕೈಯಲ್ಲಿ ಹಿಡಿದು ಯಂತ್ರದ ಸುತ್ತ ಸುಮ್ಮನೆ ಓಡಾಡಿದ, ಒಂದು ನಟ್ಟೂ ಬಿಚ್ಚಲಿಲ್ಲ.

ಮನೆ ಮನೆಗೆ ಹೋಗಿ ಕೇಳಿದೆ. ಎಲ್ಲರೂ ಚಹಾ ಕೊಟ್ಟರು, ಎಲ್ಲರೂ ಲಲ್ಲಾಳ ಆರೋಗ್ಯ ಕೇಳಿದರು, ಮೂವರು ಅತ್ತರು. ನೀರು ಯಾರೂ ಕೊಡಲಿಲ್ಲ. ಅವರ ತೋಟ ನೋಡಿದ್ದೇನೆ, ಅವರನ್ನು ದೂರಲಾರೆ. ಮೂರು ಸಾಲು ಈರುಳ್ಳಿ ಒಣಗಿದರೆ ಆ ಮನೆಯಲ್ಲಿ ಈರುಳ್ಳಿ ಇಲ್ಲ, ಅಷ್ಟೆ.

ರಿಹಾಬ್ ಇನ್ನೊಂದು ಫೋಟೋ ಕಳಿಸಿದ್ದಾಳೆ. ಅಷ್ಟು ನೀರನ್ನು ಸುಮ್ಮನೆ ನಿಲ್ಲಿಸಿಕೊಂಡು ಅದರಲ್ಲಿ ಕಾಲಾಡಿಸುತ್ತಾರಲ್ಲ, ನಾಚಿಕೆ ಬೇಡವೇ.

ನವೆಂಬರ್ ೭, ಶುಕ್ರವಾರ

ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಪಂಚಾಯಿತಿ ಮುಗಿಯುವ ಹೊತ್ತಿಗೆ ಲಲ್ಲಾ ಮಬ್ರೂಕಾ ಕೋಲೂರಿಕೊಂಡು ಬಂದಳು. ಮದುವೆಯಲ್ಲಿ ಗಂಡ ಅವಳಿಗೆ ಒಂದು ಬೆರಳು ನೀರು ಕೊಟ್ಟಿದ್ದ. ಅದರಲ್ಲೇ ಅವಳ ಮೂರು ಖರ್ಜೂರದ ಮರ, ಒಂದು ಮಡಿ ಪುದೀನ. ಆ ಬೆರಳನ್ನು ಯಂತ್ರಕ್ಕೆ ಕೊಟ್ಟೆ ಅಂದಳು. ನಾನು ಬೇಡ ಅನ್ನುವುದರೊಳಗೆ ಕೋಲೆತ್ತಿ ಬಾಯಿ ಮುಚ್ಚಿಸಿದಳು.

ನನಗೆ ಅಳು ಬಂತು. ಸಭೆಗೆ ಹೊಸ ತೊಡಕು ಬಂತು. ನೀರು ದಾನ ಕೊಡಬಹುದು, ಆದರೆ ಪಡೆಯುವವರಿಗೆ ಹೆಸರಿರಬೇಕು, ಇಂಥವರ ಮಗ, ಇಂಥವರ ಮಗಳು ಅಂತ. ವರ್ಷಕ್ಕೊಮ್ಮೆ, ಜನವರಿಯ ಮೊದಲ ಶುಕ್ರವಾರ, ಅಜ್ಜ ಬಾಚಣಿಗೆಯ ಮೇಲೆ ನಿಂತು ಪಾಲುದಾರರ ಹೆಸರು ಕರೆಯುತ್ತಾನೆ. ಕರೆದಾಗ ಸ್ವಂತ ಬಾಯಲ್ಲಿ ಇದ್ದೀನಿ ಅನ್ನಬೇಕು. ಅನ್ನದವರ ನೀರು ಊರಿಗೆ ವಾಪಸು. ಯಂತ್ರದ ಅಪ್ಪ ಯಾರು ಅಂತ ಒಬ್ಬ ಕೇಳಿದ. ಕಾರ್ಖಾನೆಯ ಹೆಸರು ಹೇಳಿದೆ. ಅದು ಮುಸ್ಲಿಂ ಮನೆತನವೇ ಅಂತ ಇನ್ನೊಬ್ಬ. ಲಲ್ಲಾಳ ಹೆಸರಲ್ಲೇ ಇರಲಿ ಅಂದ ಬೂಜಮಾ. ಅದಕ್ಕೆ ಲಲ್ಲಾ, ತಾನು ಸತ್ತ ಮರುದಿನ ಗಂಡನ ಅಣ್ಣನ ಮಕ್ಕಳು ಯಂತ್ರದ ಬಾಯಿಂದ ನೀರು ಕಿತ್ತುಕೊಳ್ಳುತ್ತಾರೆ ಅಂದಳು. ಅವರು ಅಲ್ಲೇ ಕೂತಿದ್ದರು. ಇಲ್ಲ ಅನ್ನಲಿಲ್ಲ.

ಆಮೇಲೆ ಅವಳು ಕೋಲನ್ನು ನನ್ನ ಕಡೆ ಚಾಚಿದಳು.

"ಇವಳ ಹೆಸರಿಗೆ ಬರ್ಕೊಳ್ಳಿ. ಮಗಳು ಅಂತ. ಹೆತ್ತಿಲ್ಲ ಅಂತ ಯಾರಾದ್ರೂ ತಕರಾರು ತೆಗೆದ್ರೆ ಈ ಎರಡು ಕಲ್ಲು ಹೆತ್ತಾಗ ಎಲ್ಲಿದ್ರಿ ಅಂತ ಕೇಳ್ತೀನಿ."

ತಕರಾರು ಯಾರೂ ತೆಗೆಯಲಿಲ್ಲ. ಅಜ್ಜ ಎದ್ದು, ಬಾಚಣಿಗೆಯ ಮೇಲೆ ನಿಂತು, ಸುರಂಗಕ್ಕೆಲ್ಲ ಕೇಳುವ ಹಾಗೆ ಕೂಗಿದ.

"ಎಮ್ನಾ, ಮಬ್ರೂಕಾ ಮಗಳು, ಒಂದು ಬೆರಳು!"

ಅದು ನನ್ನ ಹೆಸರು ಅಂತ ಹೊಳೆಯಲೇ ಇಲ್ಲ. ಬೂಜಮಾ ಬೆನ್ನಿಗೆ ಗುದ್ದಿದ. "ಇದ್ದೀನಿ" ಅಂದೆ.

ನವೆಂಬರ್ ೯, ಭಾನುವಾರ

ಅಜ್ಜ ಅಳೆದ, ಮಣ್ಣು ನಾನು ಮೆತ್ತಿದೆ. ಯಂತ್ರ ಓಡಿತು. ಊರಿಗೆ ಊರೇ ಕೊಡ ಹಿಡಿದು ನಿಂತಿತು. ಉಪ್ಪು ಎಷ್ಟು ಬಂತೋ, ನೋಡಲು ಮರೆತೆ. ಚಹಾ ಚೆನ್ನಾಗಿತ್ತು.

ಉಗುಳು ನೀರನ್ನು ಲಲ್ಲಾಳ ಖರ್ಜೂರದ ಮರಗಳಿಗೇ ತಿರುಗಿಸಿದ್ದೇನೆ. ಖರ್ಜೂರ ಅಷ್ಟು ಉಪ್ಪು ತಡೆಯುತ್ತೆ. ಪುದೀನ ತಡೆಯುವುದಿಲ್ಲ. ಅವಳ ಪುದೀನದ ಮಡಿ ನಾಲ್ಕೈದು ದಿನದಲ್ಲಿ ಹೋಗುತ್ತೆ ಅಂತ ಹೇಳಿದೆ. ಹೋಗಲಿ ಬಿಡು, ಹಾಳು ಸೊಪ್ಪು ಅಂದಳು. ನಲವತ್ತು ವರ್ಷದಿಂದ ಅದೇ ಮಡಿಯ ಪುದೀನದ ಚಹಾ ಕುಡಿದವಳು.

ನವೆಂಬರ್ ೧೦

ಲಾರಿ ಬಂತು. ಚಾಲಕ ಆರು ಕ್ಯಾನು ಸಿಹಿ ನೀರು ತುಂಬಿಕೊಂಡು ಖಾಲಿ ಲಾರಿ ಓಡಿಸಿಕೊಂಡು ಹೋದ. ಬೂಜಮಾ ಮಲಗಿದ.

ನವೆಂಬರ್ ೧೭, ಸೋಮವಾರ

ಇವತ್ತು ಹೊರಡುವ ದಿನ. ಬಸ್ಸಿನವನು ಬರುವುದಾದರೆ ಬರಲಿ, ನನಗೇನು.

ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಪುದೀನ. ಒಂದೊಂದು ಹಿಡಿ, ದಾರದಲ್ಲಿ ಕಟ್ಟಿದ್ದು, ಎಷ್ಟೋ ಕಟ್ಟು. ನೀರು ತುಂಬಲು ಬಂದವರೆಲ್ಲ ತಮ್ಮ ತೋಟದ್ದು ಇಟ್ಟು ಹೋಗಿದ್ದಾರೆ. ಗಂಡನ ಅಣ್ಣನ ಮಕ್ಕಳದ್ದೂ ಇತ್ತು. ಲಲ್ಲಾ ಒಂದೊಂದೇ ಮೂಸಿ ಇದು ಇಂಥವರದ್ದು, ಇವರದ್ದು ಯಾವಾಗಲೂ ಬಲಿತಿರುತ್ತೆ, ಇವಳಿಗೆ ಕೊಯ್ಯಲಿಕ್ಕೇ ಬರುವುದಿಲ್ಲ ಅಂತ ಎಲ್ಲರನ್ನೂ ಬೈದಳು. ಬೈಯುತ್ತ ಬೈಯುತ್ತ ಕಣ್ಣು ಒರೆಸಿಕೊಂಡಳು.

ಹೊರಡುವಾಗ ನನ್ನ ಕೈಗೆ ಹೊಸ ಬೆಂಕಿಪೊಟ್ಟಣ ಕೊಟ್ಟಳು.

"ನನ್ನ ಹೊಟ್ಟೇಲಿ ಹುಟ್ಟಿದ್ದು ಇವೆರಡೇ. ದೊಡ್ಡದು ನಿನಗೆ."

ಡಿಸೆಂಬರ್ ೨೮, ಸ್ಫಾಕ್ಸ್

ವರದಿ ಪಾಸಾಯಿತು. ಅಳತೆಯ ವಿಧಾನ ಎಂಬ ಕಡೆ ಜೇಡಿಮಣ್ಣು ಅಂತ ಬರೆದಿದ್ದೆ, ಮೇಷ್ಟ್ರು ಅದರ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಅಮ್ಮ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಾಳೆ ಅಂತ ಇವತ್ತು ಜಗಳವಾಡಿದೆ. ನಿನಗೆ ಅಲ್ಲಿ ಏನೋ ಮಾಟ ಮಾಡಿದ್ದಾರೆ ಅಂದಳು.

ಬೂಜಮಾಗೆ ಫೋನ್ ಮಾಡಿ, ಶುಕ್ರವಾರ ಹೆಸರು ಕರೆದಾಗ ಫೋನಿನಲ್ಲೇ ಇದ್ದೀನಿ ಅಂದರೆ ಆಗುತ್ತಾ, ಅಜ್ಜನನ್ನು ಕೇಳು ಅಂದೆ. ಕೇಳಿದ. ಫೋನು ಬಾಯಿಯೋ ಅಲ್ಲವೋ ಅಂತ ತೀರ್ಮಾನವಾಗಬೇಕಂತೆ, ಮೂರು ಶುಕ್ರವಾರ ಬೇಕಾಗಬಹುದಂತೆ.

ಸೋಮವಾರ ಐದನೇ ತಾರೀಖು ಪರೀಕ್ಷೆ ಇದೆ. ಹೋಗುವುದು ಸಾಧ್ಯವೇ ಇಲ್ಲ.

ಡಿಸೆಂಬರ್ ೩೧, ಬುಧವಾರ, ಗಡಿ

ಚಳಿ. ಪುಸ್ತಕಗಳು ಚೀಲದಲ್ಲಿವೆ, ಬಸ್ಸಿನಲ್ಲಿ ಓದಬಹುದು. ಈ ಸಲ ಹರಿಸ್ಸವನ್ನು ನಾನೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಸಿದ್ದೇನೆ, ಲಲ್ಲಾಳಿಗೆ.

ಗಡಿಯ ಅಧಿಕಾರಿ ಚೀಲವೆಲ್ಲ ಕೆದಕಿ ಬೆಂಕಿಪೊಟ್ಟಣ ತೆರೆದ. ಇದೇನು ಅಂದ. ಮನೆತನದ್ದು ಅಂದೆ. ಮುಖ ನೋಡಿ ಮುಚ್ಚಿ ಕೊಟ್ಟ. ಯಾಕೆ ಹೋಗ್ತಾ ಇದ್ದೀ ಅಂದ. ಆಸ್ತಿ ಇದೆ ಅಲ್ಲಿ ಅಂದೆ.

"ಟ್ಯುನೀಸಿಯಾದವಳಿಗೆ ನಮ್ಮ ಕಡೆ ಆಸ್ತಿನಾ? ಎಷ್ಟಿದೆ?"

ತೋರುಬೆರಳು ಎತ್ತಿ ತೋರಿಸಿದೆ.

ಅವನು ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಪೆನ್ನು ಕೆಳಗಿಟ್ಟ. ತನ್ನ ಅಜ್ಜಿಗೆ ಅರ್ಧ ಬೆರಳಿತ್ತು, ಅವಳು ಹೋದ ಮೇಲೆ ಇದ್ದೀನಿ ಅನ್ನಲು ತಮ್ಮಲ್ಲಿ ಯಾರೂ ಹೋಗಲಿಲ್ಲ ಅಂದ. ಆಮೇಲೆ ನನ್ನ ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿ, ಸಾಲಿನಲ್ಲಿದ್ದ ಉಳಿದವರನ್ನೆಲ್ಲ ಪಕ್ಕಕ್ಕೆ ಸರಿಸಿ ದಾರಿ ಮಾಡಿಸಿದ. ಬಸ್ಸು ಹೊರಡ್ತಾ ಇದೆ ಓಡು, ಹೆಸರು ಕರೆಯೋ ಹೊತ್ತಿಗೆ ಅಲ್ಲಿರಬೇಕು ಅಂದ.

ಓಡಿದೆ. ಬಸ್ಸು ಸಿಕ್ಕಿತು.